ಹಲವು ಪಂಕ್ತಿಯ ಊಟ

ಒಂದೇ ಮದುವೆಯಲ್ಲಿ ಉಂಡು ಬಂದ ನಾಲ್ವರು ಒಂದೆಡೆ ಸೇರಿದರೆ ಆ ಊಟದ ವಿಷಯದಲ್ಲಿ ನಾಲ್ಕು ಬಗೆಯ ಮಾತು ಹುಟ್ಟುವುದು ಸಹಜ. ಮೊದಲನೆಯ ಪಂಕ್ತಿಯಲ್ಲಿ ಕುಳಿತವನು ಹೋಳಿಗೆಯ ಮೇಲೆ ಸುರಿದ ತುಪ್ಪವನ್ನು ನೆನೆದು ಆತಿಥೇಯನನ್ನು ಹೊಗಳುವನು; ಕೊನೆಯ ಪಂಕ್ತಿಯಲ್ಲಿ ಎಲೆ ಸಿಕ್ಕಿದವನು ಸಾರಿಗೆ ಬೆರಸಿದ ಬಿಸಿನೀರನ್ನು ಜ್ಞಾಪಿಸಿಕೊಂಡು ನಗುವನು. ಇಬ್ಬರೂ ಸುಳ್ಳು ಹೇಳುವವರಲ್ಲ. ಚಪ್ಪರ ಒಂದೇ, ಅಡಿಗೆಯವನೂ ಒಬ್ಬನೇ. ಊಟ ಮಾತ್ರ ಒಂದಲ್ಲ. ದೊಡ್ಡದೊಂದು ಕಂಪೆನಿಯಲ್ಲಿ ನೌಕರಿ ಮಾಡಿದವರ ಮಾತೂ ಬಹುಮಟ್ಟಿಗೆ ಹೀಗೆಯೇ ಇರುವುದು. ಅದನ್ನು ಕೇಳುವವರು ಯಾರು ನಿಜ ಹೇಳಿದರು ಎಂದು ವಿಚಾರಿಸುವುದಕ್ಕಿಂತ, ಯಾರು ಯಾವ ಹೊತ್ತಿಗೆ ಎಲೆಯ ಮುಂದೆ ಕುಳಿತರು ಎಂದು ವಿಚಾರಿಸುವುದು ಲೇಸು.

ಮೈಸೂರು ಸೀಮೆಯ ವಿದ್ಯಾವಂತ ಕುಟುಂಬಗಳಿಗೆಲ್ಲ ಪರಿಚಿತವಾದ ಇನ್ಫೋಸಿಸ್ ಕಂಪೆನಿಯನ್ನೇ ತೆಗೆದುಕೊಳ್ಳೋಣ. 2025ರ ಮಾರ್ಚ್ ತಿಂಗಳ ಕೊನೆಯಲ್ಲಿ ಇದರ ನೌಕರರ ಸಂಖ್ಯೆ 3,23,000ವನ್ನು ಮೀರಿತ್ತು. 2011ರ ಜನಗಣತಿಯಲ್ಲಿ ಶಿವಮೊಗ್ಗ ನಗರದಲ್ಲಿದ್ದ ಜನರೂ ಸುಮಾರಾಗಿ ಇಷ್ಟೇ. ಮಕ್ಕಳು ಮುದುಕರೆನ್ನದೆ ಒಂದು ಊರಿಗೆ ಊರನ್ನೇ ಒಬ್ಬ ಯಜಮಾನನ ಸಂಬಳದ ಪಟ್ಟಿಯಲ್ಲಿ ಬರೆದಂತಾಯಿತು. ಇಷ್ಟು ಜನರೆಲ್ಲ ಒಂದೇ ಮಾತನ್ನಾಡಬೇಕೆಂದು ಬಯಸುವುದು ತರವಲ್ಲ. ಸರಸ್ವತೀಪುರದಲ್ಲೋ ಕುವೆಂಪುನಗರದಲ್ಲೋ ಒಂದೇ ಬೀದಿಯ ಎರಡು ಮನೆಗಳನ್ನು ವಾಚಕರು ಊಹಿಸಿಕೊಳ್ಳಬಹುದು. ಒಂದು ಮನೆಯ ಮಗ 1990ರ ದಶಕದ ನಡುವೆ ಈ ಕಂಪೆನಿಯನ್ನು ಸೇರಿದವನು. ಆ ಮನೆಯ ತಾಯಿ ಇಂದಿಗೂ ಅದರ ಹೆಸರೆತ್ತಿದರೆ ಕೈಮುಗಿಯುವಳು. ಇನ್ನೊಂದು ಮನೆಯ ಮಗಳು 2024ರಲ್ಲಿ ಸೇರಿದವಳು. ಆ ಮನೆಯಲ್ಲಿ ಆ ಹೆಸರನ್ನು ತಗ್ಗಿದ ದನಿಯಲ್ಲಿ ಆಡುವರು. ಬೀದಿಯಲ್ಲಿ ಎದುರಾದಾಗ ಇಬ್ಬರು ತಾಯಂದಿರೂ ಮಳೆಯ ವಿಷಯವನ್ನು ಮಾತನಾಡಿ ಮುಂದೆ ಹೋಗುವರು.

ಮೊದಲನೆಯ ಮನೆಯವರ ಕೃತಜ್ಞತೆಯಲ್ಲಿ ಅತಿಶಯೋಕ್ತಿಯೇನೂ ಇಲ್ಲ. 1981ರ ಜುಲೈ ತಿಂಗಳಲ್ಲಿ ಪುಣೆಯಲ್ಲಿ ಏಳು ಜನ ಇಂಜಿನಿಯರುಗಳು ಕೂಡಿ ಕಂಪೆನಿಯನ್ನು ಸ್ಥಾಪಿಸಿದಾಗ ಇದ್ದ ಬಂಡವಾಳ 10,000 ರೂಪಾಯಿ. ಅದೂ ಶ್ರೀ ನಾರಾಯಣ ಮೂರ್ತಿಯವರ ಪತ್ನಿ ಶ್ರೀಮತಿ ಸುಧಾ ಮೂರ್ತಿಯವರು ಉಳಿತಾಯದಿಂದ ಕೊಟ್ಟ ಹಣ. 1983ರಲ್ಲಿ ಕಂಪೆನಿ ಬೆಂಗಳೂರಿಗೆ ಬಂದಿತು. ಒಂದು ಟೆಲಿಫೋನಿಗಾಗಿ ವರ್ಷವಿಡೀ ಕಾಯಬೇಕಾಗಿದ್ದ, ಒಂದು ಕಂಪ್ಯೂಟರನ್ನು ಹೊರದೇಶದಿಂದ ತರಿಸುವುದಕ್ಕೆ ದಿಲ್ಲಿಯ ಕಚೇರಿಗಳಿಗೆ ಲೆಕ್ಕವಿಲ್ಲದಷ್ಟು ಸಲ ಅಲೆಯಬೇಕಾಗಿದ್ದ ಕಾಲವದು. 1990ರಲ್ಲಿ, ಬಂದ ಬೆಲೆಗೆ ಕಂಪೆನಿಯನ್ನು ಮಾರಿಬಿಡೋಣವೆಂಬ ಮಾತು ಸ್ಥಾಪಕರಲ್ಲಿಯೇ ಹುಟ್ಟಿ ನಿಂತುಹೋಯಿತು. 1993ರಲ್ಲಿ ಪಾಲುಪತ್ರಗಳನ್ನು ತಲಾ 95 ರೂಪಾಯಿಯಂತೆ ಸಾರ್ವಜನಿಕರಿಗೆ ನೀಡಿದಾಗ ಕೊಳ್ಳುವವರು ಸಾಲದೆ ಹೋದರು. ಮರುವರ್ಷವೇ ನೌಕರರಿಗೂ ಪಾಲು ಕೊಡುವ ಏರ್ಪಾಟು ಆರಂಭವಾಯಿತು. 1999ರ ಮಾರ್ಚ್ ತಿಂಗಳಲ್ಲಿ ಅಮೆರಿಕದ ನ್ಯಾಸ್ಡ್ಯಾಕ್ ಪೇಟೆಯಲ್ಲಿ ಈ ಕಂಪೆನಿಯ ಪಾಲುಗಳು ಮಾರಾಟಕ್ಕೆ ಬಂದವು. ಭಾರತದಲ್ಲಿ ನೋಂದಾಯಿಸಿದ ಕಂಪೆನಿಗಳಲ್ಲಿ ಆ ಪೇಟೆಯನ್ನು ಹೊಕ್ಕದ್ದು ಇದೇ ಮೊದಲು. ಆ ವೇಳೆಗೆ, ಯಾವಾಗಲೋ ಸಹಿ ಮಾಡಿ ಪೆಟ್ಟಿಗೆಯ ತಳದಲ್ಲಿಟ್ಟು ಮರೆತಿದ್ದ ಕಾಗದಗಳು ಮನೆ ಕಟ್ಟಿಸುವಷ್ಟು, ಮಕ್ಕಳನ್ನು ವಿದೇಶಕ್ಕೆ ಕಳುಹಿಸುವಷ್ಟು ಬೆಲೆಯುಳ್ಳವಾಗಿದ್ದವು. ಇಂಜಿನಿಯರುಗಳಲ್ಲದೆ ಕಾರು ನಡೆಸುವವರೂ ಕಚೇರಿಯ ಸಹಾಯಕರೂ ಇದರಿಂದ ಐಶ್ವರ್ಯವಂತರಾದರೆಂದು ಹೇಳುವುದುಂಟು.

ಆದರೆ ಆ ಕಾಲದವರು ಹಣಕ್ಕಿಂತ ಹೆಚ್ಚಾಗಿ ನೆನೆಯುವುದು ಬೇರೊಂದನ್ನು. ನೌಕರಿಯೆಂದರೆ ಶಿಫಾರಸಿನ ಕಾಗದ, ದೂರದ ಸಂಬಂಧಿಯ ಕಚೇರಿಯ ಜಗಲಿ, ಮೇಜಿನ ಕೆಳಗಿನ ಲಕೋಟೆ ಎಂದೇ ತಿಳಿದಿದ್ದ ಸಮಾಜದಲ್ಲಿ, ಒಗಟಿನಂಥ ಲೆಕ್ಕಗಳನ್ನು ಬಿಡಿಸಿದವನಿಗೆ ಉದ್ಯೋಗ ಕೊಡುವ ಕಂಪೆನಿಯೊಂದು ಕಾಣಿಸಿಕೊಂಡಿತು. ಆ ಪ್ರವೇಶ ಪರೀಕ್ಷೆಗಾಗಿ ಶಕುಂತಲಾದೇವಿಯವರ ಒಗಟಿನ ಪುಸ್ತಕಗಳನ್ನು ಹುಡುಗರು ಕೈಯಿಂದ ಕೈಗೆ ದಾಟಿಸಿ ಬಾಯಿಪಾಠ ಮಾಡಿದರು. ಹಳ್ಳಿಯ ಮೇಷ್ಟರ ಮಗ, ಅಂಚೆ ಗುಮಾಸ್ತರ ಮಗಳು, ಸೊಸೈಟಿಯ ಸಾಲದಲ್ಲಿ ಓದಿದವನು, ಇವರೆಲ್ಲ ಯಾರ ಮನೆಯ ಬಾಗಿಲನ್ನೂ ತಟ್ಟದೆ ಒಳಗೆ ಹೋದರು. ಮಾನಕ್ಕೆ ಕುಂದು ತಂದುಕೊಳ್ಳದೆ ಅನ್ನ ದೊರೆಯುವುದು ಸಣ್ಣ ಸಂಗತಿಯಲ್ಲ. ಕಂಪೆನಿಯನ್ನು ಈಗ ಎಷ್ಟು ಬೈದರೂ ಈ ಒಂದು ಮಾತನ್ನು ಅಲ್ಲಗಳೆಯಲಾಗದು.

ಮೈಸೂರಿನ ಹೊರವಲಯದಲ್ಲಿರುವ ಶಿಕ್ಷಣ ಕೇಂದ್ರ ಈ ಕಂಪೆನಿಯ ಶೃಂಗಾರ. ಮುನ್ನೂರು ಎಕರೆಗೂ ಮಿಗಿಲಾದ ಆವರಣ. ಕತ್ತರಿಸಿದ ಹುಲ್ಲು, ತೊಳೆದಿಟ್ಟಂಥ ರಸ್ತೆ, ಸೈಕಲ್ಲುಗಳ ಸಾಲು, ಈಜುಕೊಳ, ಗುಂಡಗೆ ಹೊಳೆಯುವ ಚೆಂಡಿನಾಕಾರದ ಚಿತ್ರಮಂದಿರ. 2009ರ ಸೆಪ್ಟೆಂಬರ್ ತಿಂಗಳಲ್ಲಿ ಎರಡನೆಯ ಶಿಕ್ಷಣ ಕೇಂದ್ರದ ಉದ್ಘಾಟನೆಯಾದಾಗ ಒಮ್ಮೆಗೆ ಸುಮಾರು 14,000 ಮಂದಿಗೆ ಅಲ್ಲಿ ತರಬೇತು ನೀಡಬಹುದಾಗಿತ್ತು. ರೋಮಾಪುರಿಯ ರೀತಿಯಲ್ಲಿ ಕಂಬಗಳನ್ನು ನಿಲ್ಲಿಸಿದ ಆ ಕಟ್ಟಡ ಅರಮನೆಯ ಊರಿಗೆ ಒಪ್ಪುವುದೋ ಇಲ್ಲವೋ ಎಂಬುದರಲ್ಲಿ ಅಭಿಪ್ರಾಯಭೇದವುಂಟು. ಹೊಸ ಕಾಲದ ಅರಮನೆಯೂ ಹೊರಗಿನ ಮಾದರಿಯನ್ನೇ ಹಿಡಿಯಬೇಕೆ ಎಂದು ಕೇಳುವವರಿದ್ದಾರೆ. ಆದರೆ ಒಳಗೆ ಹೋದ ಹುಡುಗರಿಗೆ ಈ ವಾದ ಬೇಕಾಗುವುದಿಲ್ಲ. ದಾವಣಗೆರೆಯಿಂದಲೋ ಗುಲ್ಬರ್ಗದಿಂದಲೋ ಒರಿಸ್ಸದ ಯಾವುದೋ ಪಟ್ಟಣದಿಂದಲೋ ಬಂದ ಹುಡುಗಿಗೆ ತನ್ನದೆಂಬ ಒಂದು ಕೊಠಡಿ, ತನ್ನ ಹೆಸರಿನ ಬ್ಯಾಂಕು ಖಾತೆ, ರಾತ್ರಿ ಒಂಬತ್ತು ಗಂಟೆಗೆ ಅಂಜಿಕೆಯಿಲ್ಲದೆ ನಡೆಯಬಹುದಾದ ರಸ್ತೆ, ಇವು ಬದುಕಿನಲ್ಲಿ ಮೊದಲ ಸಲ ಸಿಕ್ಕುವುದು ಅಲ್ಲಿ. ಕಂಪೆನಿಯ ಪ್ರಕಟಣೆಯಂತೆ ಇತ್ತೀಚಿನ ವರ್ಷಗಳಲ್ಲಿ ನೌಕರರಲ್ಲಿ ನೂರಕ್ಕೆ ಸುಮಾರು 39 ಮಂದಿ ಸ್ತ್ರೀಯರು. ಮೊದಲ ತಿಂಗಳ ಸಂಬಳದಲ್ಲಿ ಅಮ್ಮನಿಗೊಂದು ಸೀರೆ, ತಮ್ಮನ ಕಾಲೇಜಿನ ಫೀಜು, ಅಜ್ಜಿಯ ಕಣ್ಣಿನ ಶಸ್ತ್ರಚಿಕಿತ್ಸೆ, ಹೀಗೆ ನಡೆದ ಮನೆಗಳ ಲೆಕ್ಕವನ್ನು ಯಾರೂ ಬರೆದಿಡಲಿಲ್ಲ.

ಅದೇ ಆವರಣವನ್ನು ಇನ್ನು ಕೆಲವರು ನೆನೆಯುವುದು ಪರೀಕ್ಷೆಯ ಮೂಲಕ. ಹುಲ್ಲುಹಾಸಿನ ನೆನಪು ಅವರಿಗಿಲ್ಲ. ಬೆಳಗಿನ ನಾಲ್ಕು ಗಂಟೆಗೆ ದೀಪ ಹಾಕಿ ಕುಳಿತದ್ದು ಮಾತ್ರ ನೆನಪು. ಕಾಲೇಜಿನಲ್ಲಿ ಕಟ್ಟಡ, ಯಂತ್ರ, ವಿದ್ಯುತ್ತು ಮೊದಲಾದವುಗಳನ್ನು ಓದಿದವರಿಗೂ ಕೆಲವು ತಿಂಗಳಲ್ಲಿ ಕಂಪ್ಯೂಟರಿನ ಭಾಷೆಯನ್ನು ಕಲಿಸಿಕೊಡುವ ಶಾಲೆಯದು. ಕಲಿಯದವನನ್ನು ಮನೆಗೆ ಕಳುಹಿಸುವ ಶಾಲೆಯೂ ಹೌದು. ಈ ಎರಡನೆಯ ಮಾತಿಗೆ ಮುಂದೆ ಬರಬೇಕಾಗಿದೆ.

ತರಬೇತು ಮುಗಿದ ಮೇಲೆ ಅದೃಷ್ಟದ ಆಟ. ಒಂದೇ ಕೊಠಡಿಯಲ್ಲಿ ಮಲಗಿದ, ಒಂದೇ ದರ್ಜೆಯಲ್ಲಿ ತೇರ್ಗಡೆಯಾದ ಇಬ್ಬರಲ್ಲಿ ಒಬ್ಬನಿಗೆ ಯೂರೋಪಿನ ಬ್ಯಾಂಕೊಂದರ ಹೊಸ ಪ್ರಾಜೆಕ್ಟು ದೊರೆಯುವುದು. ಕಲಿಸುವ ಮನಸ್ಸುಳ್ಳ ಮೇಲಧಿಕಾರಿಯೂ ದೊರೆಯುವನು. ಎರಡು ವರ್ಷದಲ್ಲಿ ಆತ ಕೋಟು ತೊಟ್ಟು ಜೂರಿಕ್ಕಿನಿಂದ ಚಿತ್ರ ಕಳುಹಿಸುವನು. ಇನ್ನೊಬ್ಬನಿಗೆ ಇಪ್ಪತ್ತು ವರ್ಷ ಹಳೆಯದಾದ ಯಾವುದೋ ಪ್ರೋಗ್ರಾಮಿಗೆ ತೇಪೆ ಹಾಕುವ ಕೆಲಸ. ಅಮೆರಿಕದ ಹಗಲು ಇವನ ರಾತ್ರಿ. ಮೂರನೆಯವನೊಬ್ಬನು ಉಂಟು. ಅವನಿಗೆ ಪ್ರಾಜೆಕ್ಟೇ ಇಲ್ಲ. ಇಂಥವನನ್ನು ಬೆಂಚಿನ ಮೇಲಿರುವವನು ಎನ್ನುವರು. ಸಂಬಳ ಬರುವುದು, ಕೆಲಸವಿರುವುದಿಲ್ಲ. ಹೊರಗಿನವರಿಗೆ ಇದು ಸುಖವೆಂದು ತೋರೀತು. ಬೆಂಚಿನ ಮೇಲೆ ಮೂರು ತಿಂಗಳು ಕುಳಿತವನನ್ನು ಕೇಳಿದರೆ, ಸಾಕಿದ ಎತ್ತಿಗೆ ಗೇಯಿಸದೆ ಹುಲ್ಲು ಹಾಕುವ ಯಜಮಾನನ ಮುಖವನ್ನು ಎತ್ತು ಹೇಗೆ ನೋಡೀತು ಎಂಬುದು ಗೊತ್ತಾಗುವುದು.

ಹೀಗೇಕೆ ಎಂಬುದಕ್ಕೆ ಕಾರಣವನ್ನು ಯಾರದೋ ದುಷ್ಟತನದಲ್ಲಿ ಹುಡುಕಬೇಕಾಗಿಲ್ಲ. ವ್ಯಾಪಾರದ ರೀತಿಯಲ್ಲಿಯೇ ಅದು ಇದೆ. ಈ ಕಂಪೆನಿ ಮುಖ್ಯವಾಗಿ ಮಾರುವುದು ಜನರ ವೇಳೆಯನ್ನು. ಹೊರದೇಶದ ಬ್ಯಾಂಕು, ಅಂಗಡಿ, ವಿಮಾನ ಸಂಸ್ಥೆ ಮುಂತಾದವು ತಮ್ಮ ಕಂಪ್ಯೂಟರುಗಳ ಕೆಲಸವನ್ನು ಇದಕ್ಕೆ ವಹಿಸುವುವು. ಇಷ್ಟು ಮಂದಿ, ಇಷ್ಟು ಗಂಟೆ, ಗಂಟೆಗೆ ಇಷ್ಟು ಡಾಲರು ಎಂಬ ಲೆಕ್ಕದ ಮೇಲೆ ಬಹುಕಾಲ ಹಣ ಬಂದಿದೆ. ಆ ದರವನ್ನು ಏರಿಸಲು ಗಿರಾಕಿ ಒಪ್ಪುವುದು ಅಪರೂಪ. ಸಂಬಳಗಳಾದರೋ ವರ್ಷವರ್ಷವೂ ಏರತಕ್ಕವು. ಆದುದರಿಂದ ದೇವಸ್ಥಾನದ ಗೋಪುರದಂತೆ ಬುಡವನ್ನು ಅಗಲವಾಗಿಯೂ ತುದಿಯನ್ನು ಕಿರಿದಾಗಿಯೂ ಇಡಬೇಕಾಗುವುದು. ಕಾಲೇಜಿನಿಂದ ಆಗತಾನೆ ಬಂದವರು ಬುಡದಲ್ಲಿ ಸಾವಿರಗಟ್ಟಲೆ ಇದ್ದರೆ, ಮೇಲಿನ ಕೆಲವರ ದೊಡ್ಡ ಸಂಬಳ ಅದರಲ್ಲಿ ಅಡಗಿಹೋಗುವುದು. ಬುಡದ ಕಲ್ಲು ಅಗ್ಗವಾಗಿರುವವರೆಗೆ ಗೋಪುರಕ್ಕೆ ಬಾಧೆಯಿಲ್ಲ.

ಈ ಕಾರಣದಿಂದಲೇ ಆರಂಭದ ಸಂಬಳದ ಕಥೆ ವಿಚಿತ್ರವಾದುದು. 2011ರ ಸುಮಾರಿಗೆ ಹೊಸಬನಿಗೆ ವರ್ಷಕ್ಕೆ ಮೂರೂಕಾಲು ಲಕ್ಷ ರೂಪಾಯಿಯ ಆಸುಪಾಸಿನಲ್ಲಿ ಕೊಡುತ್ತಿದ್ದರು. 2022ರಲ್ಲಿ ಕೆಲಸದ ಪತ್ರ ಪಡೆದ ಸಾಮಾನ್ಯ ಅಭ್ಯರ್ಥಿಗೆ ಬರೆದದ್ದು 3 ಲಕ್ಷದ 60,000. ಈ ನಡುವೆ ಅಕ್ಕಿ ಬೇಳೆ ಬಸ್ಸು ಬಾಡಿಗೆಗಳ ಬೆಲೆ ಹೆಚ್ಚುಕಡಿಮೆ ಇಮ್ಮಡಿಯಾಗಿದ್ದಿತು. ಅಂದಮೇಲೆ ಅಣ್ಣನಿಗೆ ಸಿಕ್ಕಿದ ಸಂಬಳ ತಮ್ಮನಿಗೂ ಸಿಕ್ಕಿತು ಎನ್ನುವುದು ಕಾಗದದ ಮೇಲಿನ ಮಾತು. ಅಂಗಡಿಯ ಮುಂದೆ ನಿಂತಾಗ ಅದು ಅರ್ಧಕ್ಕಿಂತ ಸ್ವಲ್ಪ ಮೇಲೆ. ಕಠಿಣವಾದ ಬೇರೊಂದು ಪರೀಕ್ಷೆಯಲ್ಲಿ ಗೆದ್ದವರಿಗೆ ಇದರ ಇಮ್ಮಡಿಯನ್ನೂ ಮೀರಿದ ಸಂಬಳ ಕೊಡುವ ಪದ್ಧತಿ ಈಚೆಗೆ ಬಂದಿರುವುದರಿಂದ, ಒಂದೇ ದಿನ ಕುಳಿತವರಿಗೂ ಎಲೆಗಳು ಬೇರೆ ಬೇರೆಯಾಗಿವೆ. ಇದನ್ನು ತಪ್ಪೆನ್ನಲಾಗದು. ಬುದ್ಧಿಗೆ ತಕ್ಕ ಬೆಲೆ ಎಂಬುದು ಈ ಕಂಪೆನಿ ಹುಟ್ಟಿದಾಗಿನ ಧರ್ಮವೇ ಅಲ್ಲವೆ? ಆದರೂ ಸಾಮಾನ್ಯನ ಎಲೆ ಇಷ್ಟು ವರ್ಷ ಇದ್ದಲ್ಲಿಯೇ ಇದ್ದುದಕ್ಕೆ ಅದು ಉತ್ತರವಾಗಲಾರದು.

ನಿಷ್ಠೆಯ ಬೆಲೆಯೂ ಈ ಕಾಲದಲ್ಲಿ ತಿರುಗುಮುರುಗಾಗಿದೆ. 2022ರ ಮಾರ್ಚ್ ತಿಂಗಳಿಗೆ ಮುಗಿದ ವರ್ಷದಲ್ಲಿ ನೂರಕ್ಕೆ 27.7 ಮಂದಿ ಕಂಪೆನಿಯನ್ನು ಬಿಟ್ಟು ಹೋದರು. ಸಾಂಕ್ರಾಮಿಕದ ತರುವಾಯ ಎಲ್ಲ ಕಡೆಗೂ ಕೆಲಸಗಾರರು ಬೇಕಾಗಿದ್ದ ಸಮಯ. ಎದುರಿನ ಕಟ್ಟಡಕ್ಕೆ ಹೋದವನಿಗೆ ಒಂದೂವರೆ ಪಟ್ಟು ಸಂಬಳ. ಹಾಗೆ ಹೋದವನ ಸ್ಥಳಕ್ಕೆ ಬಂದ ಹೊಸಬನಿಗೂ, ಅವನ ಪಕ್ಕದಲ್ಲಿ ಎಂಟು ವರ್ಷದಿಂದ ಅದೇ ಕುರ್ಚಿಯಲ್ಲಿ ಕುಳಿತು ಅವನಿಗೆ ಕೆಲಸ ಹೇಳಿಕೊಡುವವನಿಗೂ ಸಂಬಳದಲ್ಲಿ ಎಷ್ಟು ಅಂತರವೆಂಬುದನ್ನು ಇಬ್ಬರೂ ಬಾಯಿಬಿಟ್ಟು ಹೇಳುವುದಿಲ್ಲ; ಇಬ್ಬರಿಗೂ ಗೊತ್ತಿರುವುದು. ಸಂಬಳದಲ್ಲೊಂದು ಭಾಗ ಕಂಪೆನಿಯ ಲಾಭವನ್ನು ಅನುಸರಿಸಿ ಏರಿಳಿಯತಕ್ಕದ್ದು. ಅದೇ 2022ರ ಆಗಸ್ಟ್ ತಿಂಗಳಲ್ಲಿ ಆ ಭಾಗವನ್ನು ಸರಾಸರಿಯಲ್ಲಿ ನೂರಕ್ಕೆ 70ರಂತೆ ಕೊಟ್ಟರು. ಉಳಿದ ಮೂವತ್ತನ್ನು ನಂಬಿ ಮನೆಯ ಸಾಲದ ಕಂತು ಕಟ್ಟುತ್ತಿದ್ದವನಿಗೆ ಲಾಭನಷ್ಟದ ಪಾಠ ಚೆನ್ನಾಗಿಯೇ ಆಗಿರಬೇಕು.

ಮುಂದಿನ ವರ್ಷವೇ ಗಾಳಿ ತಿರುಗಿತು. 2023ರ ಮಾರ್ಚ್ ಕೊನೆಗೆ 3,43,234 ಇದ್ದ ನೌಕರರು 2024ರ ಮಾರ್ಚ್ ಕೊನೆಗೆ 3,17,240 ಆದರು. ಸುಮಾರು 26,000 ಮಂದಿ ಕಡಮೆ. ಇವರನ್ನೆಲ್ಲ ಹೊರಗೆ ಹಾಕಿದರೆಂದಲ್ಲ. ಹೋದವರ ಸ್ಥಳಗಳನ್ನು ತುಂಬಲಿಲ್ಲ. ಬಿಟ್ಟುಹೋಗುವವರ ಸಂಖ್ಯೆಯೂ ಅರ್ಧಕ್ಕಿಂತ ಕೆಳಗಿಳಿಯಿತು. ಬೇರೆ ಬಾಗಿಲುಗಳು ಮುಚ್ಚಿದಾಗ ಇದ್ದ ಮನೆಯೇ ಹಿತವಾಗುವುದು.

ಒಳಗಿನ ದರ್ಜೆಗಳ ವಿಷಯದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ. 2009ರಲ್ಲಿ ಹುದ್ದೆಗಳನ್ನು ಹೊಸದಾಗಿ ವಿಂಗಡಿಸಿದಾಗ ಸಾವಿರಾರು ಮಂದಿ ಒಂದು ಮೆಟ್ಟಿಲು ಕೆಳಗೆ ನಿಂತದ್ದೂ, ವರ್ಷಕ್ಕೊಮ್ಮೆ ಇಂತಿಷ್ಟು ಜನ ಉತ್ತಮರು ಇಂತಿಷ್ಟು ಜನ ಅಧಮರು ಆಗಲೇಬೇಕೆಂಬ ಲೆಕ್ಕದಿಂದ ಗೆಳೆಯರ ನಡುವೆ ಮನಸ್ತಾಪಗಳಾದದ್ದೂ, ಆ ಲೆಕ್ಕವನ್ನು 2015ರಲ್ಲಿ ಕೈಬಿಟ್ಟದ್ದೂ ನೌಕರರ ನೆನಪಿನಲ್ಲಿವೆ. ಅದೇ ವರ್ಷದ ಜೂನ್ ತಿಂಗಳಲ್ಲಿ ಕೊರಳಿನ ಟೈಯನ್ನೂ ಕಡ್ಡಾಯದಿಂದ ತೆಗೆದರು. ಮೈಸೂರಿನ ಬಿಸಿಲಿಗೆ ಟೈ ಬೇಡವೆಂದು ತಿಳಿಯುವುದಕ್ಕೆ ಮೂವತ್ತು ವರ್ಷಕ್ಕೂ ಹೆಚ್ಚು ಬೇಕಾಯಿತೆಂದು ಹಾಸ್ಯ ಮಾಡಬಹುದು. ಆದರೆ ಮೊದಲ ಬಾರಿ ಟೈ ಕಟ್ಟಿಕೊಂಡು ಕನ್ನಡಿಯ ಮುಂದೆ ನಿಂತ ಹಳ್ಳಿಯ ಹುಡುಗನಿಗೆ ಅದು ಉರುಳಾಗಿರಲಿಲ್ಲ, ಹಾರವಾಗಿತ್ತು ಎಂಬುದನ್ನೂ ಮರೆಯಬಾರದು.

2017ರಲ್ಲಿ ಮತ್ತೊಂದು ಅನುಭವವಾಯಿತು. ಸ್ಥಾಪಕರಲ್ಲದ ಮೊದಲ ಮುಖ್ಯಾಧಿಕಾರಿ ಶ್ರೀ ವಿಶಾಲ್ ಸಿಕ್ಕಾ ಅವರಿಗೂ ಶ್ರೀ ಮೂರ್ತಿಯವರಿಗೂ ಆಡಳಿತದ ವಿಷಯದಲ್ಲಿ ನಡೆದ ವಾದ ಬಹಿರಂಗವಾಗಿ, ಆಗಸ್ಟ್ ತಿಂಗಳಲ್ಲಿ ಸಿಕ್ಕಾ ಅವರು ರಾಜೀನಾಮೆ ಕೊಟ್ಟರು. ಎರಡು ಪಕ್ಷಗಳ ನ್ಯಾಯಾನ್ಯಾಯ ಇಲ್ಲಿ ಅಪ್ರಸ್ತುತ. ಹಿರಿಯರ ಜಗಳವನ್ನು ನೆರೆಮನೆಯವರ ಬಾಯಿಂದ ಕೇಳುವ ಮಕ್ಕಳಂತೆ, ತಮ್ಮ ಕಂಪೆನಿಯ ಸಮಾಚಾರವನ್ನು ಲಕ್ಷಾಂತರ ನೌಕರರು ವೃತ್ತಪತ್ರಿಕೆಯಲ್ಲಿ ಓದಿ ತಿಳಿಯಬೇಕಾಯಿತು ಎಂಬುದಷ್ಟೇ ಪ್ರಸ್ತುತ.

ದುಡಿಮೆಯ ಅವಧಿಯ ಮಾತಿನಲ್ಲಿ ಒಂದು ವಿನೋದವಿದೆ. 2023ರ ಅಕ್ಟೋಬರ್ ತಿಂಗಳಲ್ಲಿ ಶ್ರೀ ಮೂರ್ತಿಯವರು ದೇಶದ ತರುಣರು ವಾರಕ್ಕೆ 70 ಗಂಟೆ ದುಡಿಯಬೇಕೆಂದು ಅಭಿಪ್ರಾಯಪಟ್ಟರು. ಆ ವೇಳೆಗೆ ಅವರು ಕಂಪೆನಿಯ ಅಧಿಕಾರದಲ್ಲಿರಲಿಲ್ಲ. ಆದರೂ ದೇಶವೆಲ್ಲ ಆ ಮಾತನ್ನು ಕಂಪೆನಿಯೊಡನೆಯೇ ಕೂಡಿಸಿ ಚರ್ಚಿಸಿತು. 2025ರ ಮಧ್ಯದಲ್ಲಿ ಅದೇ ಕಂಪೆನಿ, ಮನೆಯಿಂದ ಕೆಲಸ ಮಾಡುವಾಗ ದಿನಕ್ಕೆ ಒಂಬತ್ತೂಕಾಲು ಗಂಟೆಯ ನಿಯಮವನ್ನು ಮೀರಿ ದುಡಿಯುತ್ತಿದ್ದ ನೌಕರರಿಗೆ, ಆರೋಗ್ಯವನ್ನು ನೋಡಿಕೊಳ್ಳಿರಿ, ವಿಶ್ರಾಂತಿ ಪಡೆಯಿರಿ ಎಂಬರ್ಥದ ಪತ್ರಗಳನ್ನು ಕಳುಹಿಸಿದ ಸುದ್ದಿ ಬಂದಿತು. ಸ್ಥಾಪಕರ ಮಾತನ್ನು ಪಾಲಿಸಿದವನಿಗೆ ಕಂಪೆನಿಯ ಎಚ್ಚರಿಕೆ. ಗಡುವು ತೀರಿತೆಂದು ರಾತ್ರಿ ಹನ್ನೊಂದಕ್ಕೆ ಕರೆಯುವ ಮೇಲಧಿಕಾರಿಗೆ ಈ ಎರಡು ಉಪದೇಶಗಳಲ್ಲಿ ಯಾವುದೂ ಮುಟ್ಟಿರಲಿಕ್ಕಿಲ್ಲ. ನೌಕರನ ದಿನವನ್ನು ನಿರ್ಧರಿಸುವವನು ಸ್ಥಾಪಕನಲ್ಲ, ಮುಖ್ಯಾಧಿಕಾರಿಯೂ ಅಲ್ಲ. ಅವನಿಗಿಂತ ಎರಡು ಮೆಟ್ಟಿಲು ಮೇಲಿರುವವನು. ಅವನು ಒಳ್ಳೆಯವನಾದರೆ ಕಂಪೆನಿ ಒಳ್ಳೆಯದು, ಕೆಟ್ಟವನಾದರೆ ಕಂಪೆನಿ ಕೆಟ್ಟದ್ದು. ಮೂರು ಲಕ್ಷ ಜನರ ಭಿನ್ನಾಭಿಪ್ರಾಯದಲ್ಲಿ ಅರ್ಧ ಇಷ್ಟರಲ್ಲಿಯೇ ತೀರುವುದು.

ಎರಡನೆಯ ಮನೆಯ ವಿಷಯ ಹಾಗೆ ತೀರುವುದಿಲ್ಲ. 2022ರಲ್ಲಿ ಇಂಜಿನಿಯರಿಂಗ್ ಮುಗಿಸಿದ ಎಷ್ಟೋ ಮಕ್ಕಳಿಗೆ ಕಂಪೆನಿಯಿಂದ ಕೆಲಸದ ಪತ್ರ ಬಂದಿತು. ಬೀದಿಯವರಿಗೆಲ್ಲ ಸಿಹಿ ಹಂಚಿದ ಮನೆಗಳುಂಟು. ಪತ್ರ ಬಂದರೂ ಸೇರುವ ದಿನ ಬರಲಿಲ್ಲ. ಹೊರದೇಶದ ಗಿರಾಕಿಗಳು ಕೈ ಬಿಗಿಹಿಡಿದಿದ್ದರಿಂದ ದಿನ ಮುಂದಕ್ಕೆ ಹೋಯಿತು, ಇನ್ನಷ್ಟು ಹೋಯಿತು, ಎರಡು ವರ್ಷಗಳೇ ಕಳೆದವು. ಆ ಎರಡು ವರ್ಷ, ಇನ್ಫೋಸಿಸ್ಸಿನಲ್ಲಿ ಕೆಲಸವಾಗಿದೆಯಂತಲ್ಲ ಎಂದು ಕೇಳಿದವರಿಗೆ ಆ ಮಕ್ಕಳು ಏನೆಂದು ಉತ್ತರ ಕೊಟ್ಟಿರಬಹುದು? ಬೇರೆ ಕೆಲಸಕ್ಕೆ ಸೇರಿದರೆ ಇದು ತಪ್ಪೀತು, ಸೇರದಿದ್ದರೆ ಅಪ್ಪನ ಮುಖ ನೋಡಬೇಕು. ಕೊನೆಗೆ 2024ರಲ್ಲಿ ಕರೆ ಬಂದು ಮೈಸೂರಿಗೆ ಬಂದರು. ಕಲಿತದ್ದನ್ನು ಅರ್ಧ ಮರೆತಿದ್ದರು. ಮೂರು ಸಲ ಪರೀಕ್ಷೆ. ಮೂರರಲ್ಲಿಯೂ ತೇರ್ಗಡೆಯಾಗದವರನ್ನು, ಸಂಖ್ಯೆಯಲ್ಲಿ ಮುನ್ನೂರಕ್ಕೂ ಹೆಚ್ಚು ಮಂದಿಯನ್ನು, 2025ರ ಫೆಬ್ರುವರಿ 7ರಂದು ಕಳುಹಿಸಿಬಿಟ್ಟರು. ಸಂಖ್ಯೆ ಇನ್ನೂ ದೊಡ್ಡದೆಂದು ನೌಕರರ ಪರವಾದ ಸಂಘವೊಂದು ಹೇಳಿತು. ಅಂದೇ ಸಂಜೆಯೊಳಗಾಗಿ ಆವರಣವನ್ನು ಬಿಡಬೇಕೆಂದು ತಿಳಿಸಲಾಯಿತೆಂದು ಹೋದವರು ಪತ್ರಿಕೆಗಳಿಗೆ ಹೇಳಿಕೊಂಡರು. ಈ ಹೊತ್ತಿನಲ್ಲಿ ಎಲ್ಲಿಗೆ ಹೋಗಲಿ, ರಾತ್ರಿಯೊಂದು ಇರಲು ಬಿಡಿರೆಂದು ದೂರದ ರಾಜ್ಯದ ಹುಡುಗಿಯೊಬ್ಬಳು ಬೇಡಿಕೊಂಡಳೆಂಬ ವರದಿಯೂ ಬಂದಿತು.

ಕಂಪೆನಿಯ ಪಕ್ಷವನ್ನೂ ಹೇಳಬೇಕು. ಪರೀಕ್ಷೆಯ ನಿಯಮ ಕರಾರಿನಲ್ಲಿಯೇ ಇದೆ, ಇದು ಎರಡು ದಶಕಗಳಿಗೂ ಮೇಲ್ಪಟ್ಟ ಪದ್ಧತಿ, ಗಿರಾಕಿಗೆ ಒಳ್ಳೆಯ ಕೆಲಸಗಾರನನ್ನು ಒದಗಿಸುವುದಕ್ಕೆ ಇದು ಆವಶ್ಯಕ ಎಂದು ಅದು ಸಾರಿತು. ಆಮೇಲಿನ ತಂಡಗಳಲ್ಲಿ ಹೀಗೆ ಹೋದವರಿಗೆ ಒಂದು ತಿಂಗಳ ಹಣ, ಬೇರೆ ಕೆಲಸ ಹುಡುಕಲು ಸಹಾಯ, ಇನ್ನೊಂದು ಬಗೆಯ ಕೆಲಸಕ್ಕೆ ತರಬೇತು, ಇವನ್ನು ಕೊಡಮಾಡಿತು. ಲೆಕ್ಕಕ್ಕೆ ಇದು ಸರಿಯೆ. ಪರೀಕ್ಷೆಯ ಬಲದಿಂದ ಒಳಗೆ ಬಂದವರು ಪರೀಕ್ಷೆಯನ್ನು ದೂರುವುದು ಹೇಗೆ? ಆದರೆ ತಕ್ಕಡಿಯ ಒಂದು ತಟ್ಟೆ ಇಲ್ಲಿ ಕಾಣೆಯಾಗಿದೆ. ಅಭ್ಯರ್ಥಿ ಮೂರು ಸಲ ತಪ್ಪಿದರೆ ಸಂಜೆಯೊಳಗೆ ಹೊರಡಬೇಕು. ಕಂಪೆನಿ ಎರಡು ವರ್ಷ ಕಾಯಿಸಿದರೆ ಅದಕ್ಕೆ ಯಾವ ಪರೀಕ್ಷೆಯೂ ಇಲ್ಲ, ಯಾವ ಸಂಜೆಯೂ ಇಲ್ಲ. ಕೇಂದ್ರದ ಕಾರ್ಮಿಕ ಸಚಿವಾಲಯ ರಾಜ್ಯಕ್ಕೆ ಬರೆಯಿತು. ಕಾರ್ಮಿಕ ಇಲಾಖೆಯ ಅಧಿಕಾರಿಗಳು ಆವರಣಕ್ಕೆ ಹೋಗಿ ವಿಚಾರಿಸಿದರು. ಕಾರ್ಖಾನೆಗಳಿಗೆ ಅನ್ವಯಿಸುತ್ತಿದ್ದ 1946ರ ಸ್ಥಾಯೀ ಆದೇಶಗಳ ಕಾನೂನಿನಿಂದ ಈ ಉದ್ಯಮಕ್ಕೆ ಕರ್ನಾಟಕ ಸರ್ಕಾರ ಬಹುಕಾಲದಿಂದ ವಿನಾಯಿತಿ ಕೊಡುತ್ತ ಬಂದು, 2024ರ ಮಾರ್ಚ್ ತಿಂಗಳಲ್ಲಿ ಅದನ್ನು ಮತ್ತೆ ಐದು ವರ್ಷಕ್ಕೆ ಮುಂದುವರಿಸಿತ್ತು ಎಂಬುದನ್ನು ಅನೇಕ ತಂದೆತಾಯಿಗಳು ತಿಳಿದುಕೊಂಡದ್ದು ಆಗಲೇ. ಬೆಂಗಳೂರಿನಲ್ಲಿ ಈ ವೃತ್ತಿಯವರದೇ ಒಂದು ಸಂಘ 2017ರಲ್ಲಿ ಏರ್ಪಟ್ಟಿದ್ದರೂ ಅದರಲ್ಲಿ ಹೆಸರು ಬರೆಸುವುದನ್ನು ಇಂಜಿನಿಯರುಗಳು ಇನ್ನೂ ಸ್ವಲ್ಪ ಹಗುರವಾಗಿಯೇ ಕಾಣುವರು. ಸಂಘವೆಂದರೆ ಗಿರಣಿಯವರದು ಎಂದು ಅವರ ಎಣಿಕೆ. ತಮ್ಮ ವೇಳೆಯೂ ಗಂಟೆಯ ಲೆಕ್ಕದಲ್ಲಿಯೇ ಮಾರಾಟವಾಗುತ್ತಿದೆ ಎಂಬುದು ಹವಾನಿಯಂತ್ರಿತ ಕೊಠಡಿಯಲ್ಲಿ ಸುಲಭವಾಗಿ ಮರೆಯುವುದು.

ಈ ಮರೆವಿಗೆ ಒಂದು ಪದದ ಸಹಾಯವೂ ಇದೆ. ಕಂಪೆನಿಯಲ್ಲಿರುವವರನ್ನು ನೌಕರರೆನ್ನದೆ ಇನ್ಫೋಸಿಯನ್ನರು ಎಂದು ಕರೆಯುವ ವಾಡಿಕೆ. ನಾವೆಲ್ಲ ಒಂದು ಕುಟುಂಬ ಎಂಬ ಮಾತು ಇಂಥ ಕಂಪೆನಿಗಳಲ್ಲೆಲ್ಲ ಸಭೆಸಭೆಗೂ ಕೇಳಿಬರುವುದು. ಮೊದಲ ಪಂಕ್ತಿಯವರ ಪಾಲಿಗೆ ಆ ಮಾತು ನಿಜವಾಗಿದ್ದಿತು. ಪಾಲು ಹಂಚಿಕೊಂಡವರು ಕುಟುಂಬದವರಲ್ಲದೆ ಮತ್ತೇನು? ತರುವಾಯದವರಿಗೆ ಹೆಚ್ಚಾಗಿ ಬಂದದ್ದು ಪಾಲಲ್ಲ, ಪದ. ಮನೆಮಗನೆನ್ನಿಸಿಕೊಂಡವನು ಸಂಬಳ ಕೇಳಲು ನಾಚುವನು; ಆಳೆಂದು ತಿಳಿದವನು ಕೇಳಿ ಪಡೆಯುವನು. ಕೂಲಿಯ ಮಾತನ್ನು ಕೂಲಿಯೆಂದೇ ಆಡಿದ್ದರೆ, ಕಾಯಿಸಿದ ದಿನಕ್ಕೆ ಇಷ್ಟು, ಕಳುಹಿಸುವ ಮುನ್ನ ಇಷ್ಟು ದಿನದ ತಿಳಿವಳಿಕೆ, ಎಂದು ಎರಡು ಕಡೆಗೂ ಸಲ್ಲುವ ಕರಾರು ಆಗಿದ್ದರೆ, ಆ ಫೆಬ್ರುವರಿಯ ಸಂಜೆ ಇಷ್ಟು ಕಹಿಯಾಗುತ್ತಿರಲಿಲ್ಲ. ಸೋತವನಿಗೆ ದುಃಖವಾಗುತ್ತಿದ್ದುದು ನಿಜ. ವಂಚಿತನಾದೆನೆಂಬ ಭಾವ ಬರುತ್ತಿರಲಿಲ್ಲ.

ಕಂಪೆನಿ 2025ರ ಏಪ್ರಿಲ್ ತಿಂಗಳಿಂದ ಆರಂಭವಾದ ವರ್ಷಕ್ಕೆ 20,000 ಹೊಸಬರನ್ನು ತೆಗೆದುಕೊಳ್ಳುವುದಾಗಿ ಪ್ರಕಟಿಸಿತು. ಮೈಸೂರಿನ ರೈಲ್ವೆ ನಿಲ್ದಾಣದಲ್ಲಿ ಚಕ್ರದ ಪೆಟ್ಟಿಗೆಗಳನ್ನೆಳೆದುಕೊಂಡು ಇಳಿಯುವ ಹುಡುಗ ಹುಡುಗಿಯರಿಗೆ ಆಟೋದವರು, ಇನ್ಫೋಸಿಸ್ಸೇ ತಾನೆ ಎಂದು ಕೇಳುವರು. ಕೆಲವರೊಡನೆ ತಂದೆತಾಯಿಗಳೂ ಬರುವರು. ಆವರಣದ ಬಾಗಿಲಲ್ಲಿ ಮಕ್ಕಳು ಗುರುತಿನ ಚೀಟಿ ತೋರಿಸಿ ಒಳಗೆ ಹೋಗುವವರೆಗೆ ಅವರು ಹೊರಗೆ ನಿಂತಿರುವರು. ಹಿಂದಿನ ವರ್ಷಗಳಲ್ಲಿ ಅಲ್ಲಿ ನಿಂತ ತಾಯಿ, ಊಟ ಸರಿಯಾಗಿ ಮಾಡಮ್ಮ ಎಂದು ಮಾತ್ರ ಹೇಳುತ್ತಿದ್ದಳು. ಈಗ ಅದನ್ನು ಹೇಳಿ, ಸ್ವಲ್ಪ ತಡೆದು, ಪರೀಕ್ಷೆ ಯಾವತ್ತು ಅಂತ ಗೊತ್ತಾದ ಕೂಡಲೆ ಫೋನು ಮಾಡು, ಅಪ್ಪ ಇಲ್ಲೇ ಚಿಕ್ಕಪ್ಪನ ಮನೆಯಲ್ಲಿ ಇರುತ್ತಾರೆ ಎನ್ನುವಳು.